ಅಂಕೆ

ಉತ್ತರ ಸರಿದಿದೆಯಂತೆ. ಕಾಗದ ಬಂದಿದೆ,
ಮೊಹರು, ಸಹಿ, ಜಾರಿಗೆ ಬರುವ ದಿನಾಂಕದ ಸಮೇತ.
ದಿಕ್ಸೂಚಿಯ ಮುಳ್ಳು ವರ್ಷ ವರ್ಷ ಕೂದಲೆಳೆಯಷ್ಟು ವಾಲಿ
ಹದಿನೈದರ ಗೆರೆ ದಾಟಿಬಿಟ್ಟಿತು.
ಹತ್ತಕ್ಕೆ ಹತ್ತಿರವಿದ್ದದ್ದು ಇಪ್ಪತ್ತಕ್ಕೆ ಹತ್ತಿರವಾಯಿತು.
ಹಾಗಾಗಿ ಗುರುವಾರ ಬೆಳಗಿನಿಂದ
ಒಂದನೇ ರನ್‌ವೇಗೆ ಎರಡು ಎಂದು ಹೆಸರು.
ರನ್‌ವೇ ಮಾತ್ರ ಒಂದಂಗುಲ ಮಿಸುಕಿಲ್ಲ.

ಅಲಾಸ್ಕಾದ ನಡುನಾಡು, ಜೂನ್ ತಿಂಗಳು.
ರಾತ್ರಿ ಎರಡು ಗಂಟೆ, ಬೆಳಕು ಇನ್ನೂ
ಮಲಗಲೊಲ್ಲದ ಮಗುವಿನ ಹಾಗೆ ಅಂಗಳದಲ್ಲೇ ಇದೆ.
ಕೊನೆಯ ಸರಕು ವಿಮಾನ ಹೋಯಿತು,
ಮುಂದಿನದಕ್ಕೆ ಮೂರು ಗಂಟೆ ನಲವತ್ತು ನಿಮಿಷ.
ಕ್ರಿಸಾಂತೊ ದುಮ್ಲಾವ್ ನೀರಿನ ಚೂರಿ ಹಿಡಿದು ಇಳಿದ.

ಮೊದಲು ರಬ್ಬರು ಹೋಗಬೇಕು.
ಇಳಿಯುವ ಪ್ರತಿ ಚಕ್ರವೂ ತಿರುಗುವುದಕ್ಕೆ ಮುಂಚೆ
ಒಂದು ಗಳಿಗೆ ಸುಮ್ಮನೆ ಎಳೆದುಕೊಂಡು ಹೋಗುತ್ತದೆ,
ಚರ್ಮದ ಒಂದು ಪದರ ಇಲ್ಲಿ ಬಿಟ್ಟು.
ಒಳಗೆ ಕೂತವರಿಗೆ ಅದು ಬರೀ ಕುಲುಕು.
ಕಪ್ಪಿನ ಕೆಳಗೆ ಬಿಳಿ, ಬಿಳಿಯ ಕೆಳಗೆ ಮತ್ತೆ ಬಿಳಿ,
ಹದಿನೇಳು ಬೇಸಿಗೆ ಅವನೇ ಬಳಿದದ್ದು.
ಅರವತ್ತಡಿ ಉದ್ದದ ಒಂದು.
ಸುಲಭದ ಅಂಕಿ. ಒಂದೇ ಗೆರೆ.

ಎರಡಕ್ಕೆ ಕತ್ತು ಬೇಕು, ಬಾಗು ಬೇಕು, ಪಾದ ಬೇಕು.
ಮನೆಯ ಮುಂದಿನ ರಸ್ತೆಯಲ್ಲಿ ಸೀಮೆಸುಣ್ಣದಿಂದ ಬರೆದು ನೋಡಿದ್ದ.
ಹೆಂಡತಿ ಫೆಲಿಸಾ ಬಾಗಿಲಲ್ಲಿ ನಿಂತು, 'ಬಾತುಕೋಳಿಯಾ?' ಅಂದಳು.
ನೆಲದಲ್ಲಿ ನಿಂತವರಿಗೆ ಅದನ್ನು ಓದಲು ಬಾರದು,
ದೂರದಿಂದ, ಮೇಲಿನಿಂದ, ಇಳಿಯುತ್ತ ಬರಬೇಕು.
ಊರಿಗೆ ಹೋಗಿ ಬರುವಾಗ ಎಷ್ಟೋ ಸಲ ಬಾಗಿ ನೋಡಿದ್ದಾನೆ.
ವಿಮಾನದ ಕಿಟಕಿ ಪಕ್ಕಕ್ಕೆ ತೆರೆದಿರುತ್ತದೆ, ಮುಂದಕ್ಕಲ್ಲ.

ಹಳದಿ ಗಾಡಿಯಲ್ಲಿ ವೆರ್ನಾ ಬಂದಳು, ಹಕ್ಕಿ ಕಾಯುವವಳು.
ರಾತ್ರಿಯ ಗಳಿಕೆ ತೋರಿಸಿದಳು:
ಒಂದು ನಟ್ಟು, ಸೂಟ್‌ಕೇಸಿನ ಮುರಿದ ಜಿಪ್ಪು,
ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಹತ್ತಿದ ಮೂರು ಗರಿ.
ಗರಿಗಳು ಅಂಚೆಯಲ್ಲಿ ಹೋಗುತ್ತವೆ, ಖಂಡದ ಆ ತುದಿಗೆ.
ಅಲ್ಲಿ ಯಾರೋ ಎಳೆ ಎಳೆ ಬಿಡಿಸಿ
ಸತ್ತದ್ದು ಯಾವ ಹಕ್ಕಿ ಎಂದು ಹೆಸರು ಬರೆದು ಕಳಿಸುತ್ತಾರೆ.
ಇಲ್ಲಿ ಹುಲ್ಲನ್ನು ಅಳತೆಯಿಟ್ಟು ಬೆಳೆಸುತ್ತಾರೆ,
ಕೂತ ಹಕ್ಕಿಗೆ ಸುತ್ತ ಏನೂ ಕಾಣದೆ
ಎದೆ ಪುಕಪುಕ ಅನ್ನಬೇಕು, ಎದ್ದು ಹೋಗಬೇಕು.

'ಉತ್ತರ ಸರಿದಿದೆಯಂತೆ,' ಎಂದ ಕ್ರಿಸಾಂತೊ.
'ನನ್ನಜ್ಜಿಯ ಹತ್ತಿರ ಉತ್ತರವೇ ಇರಲಿಲ್ಲ,' ಅಂದಳು.
ಹೊಳೆಯ ಮೇಲುಗಡೆ, ಹೊಳೆಯ ಕೆಳಗಡೆ,
ನೀರಿನತ್ತ, ನೀರಿನಿಂದಾಚೆ, ಇಷ್ಟೇ.
ಚಮಚ ಬೇಕಾದರೂ, 'ಹೊಳೆಯ ಕಡೆಯದು ಕೊಡೇ.'
'ಹೊಳೆಯೇ ಸರಿದರೆ?'
'ಸರಿದಿತ್ತು ಒಮ್ಮೆ. ಮನೆಗಳೂ ಸರಿದವು.
ಕಾಗದವೇನೂ ಬರಲಿಲ್ಲ.'

ಗೋಪುರದಲ್ಲಿ ಹೊಸ ಹುಡುಗ ಒಬ್ಬನೇ
ಖಾಲಿ ಆಕಾಶಕ್ಕೆ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಾನೆ:
ರನ್‌ವೇ ಎರಡು, ಎರಡು, ಒಂ... ಎರಡು.
ಕಾಫಿ ಲೋಟಕ್ಕೂ ಚೀಟಿ ಅಂಟಿಸಿದ್ದಾನೆ, 2.
ನಾಲಿಗೆಗೆ ಯಾವ ನೀರಿನ ಚೂರಿ?

ಹಸಿ ಬಿಳಿಯ ಮೇಲೆ ಗಾಜಿನ ಮಣಿ ಎರಚಿದ,
ಸಕ್ಕರೆಗಿಂತ ಸಣ್ಣವು,
ಬರುವ ದೀಪವನ್ನು ಬಂದವರಿಗೇ ಮರಳಿಸುವಂಥವು.
ಪಕ್ಕದಲ್ಲಿ ಹಳೆಯ ಒಂದರ ಗಾಯ
ಡಾಂಬರಿಗಿಂತ ತುಸು ತಿಳಿಯಾಗಿ ಮಲಗಿದೆ.
ಮಳೆ ಬಂದಾಗ ಮತ್ತೆ ಓದಿಸಿಕೊಂಡೀತು.
'ಇದು ಮೂರಾಗುವುದು ಯಾವಾಗ?'
'ನನ್ನ ಪಿಂಚಣಿ ಶುರುವಾದ ಮೇಲೆ,
ಅದನ್ನು ನೀನೇ ಕಾಗದ ಬರೆದು ತಿಳಿಸು.'

ಐದು ನಲವತ್ತಕ್ಕೆ, ಹೇಳಿದ ಹೊತ್ತಿಗೆ,
ಅಂಚೆ ಮತ್ತು ಮೊಟ್ಟೆ ಹೊತ್ತ ಸಣ್ಣ ವಿಮಾನ
ಇಳಿಯಬೇಕಾದ ಜಾಗಕ್ಕಿಂತ ಮುಂಚೆಯೇ ಇಳಿಯಿತು.
ಎರಡರ ಕತ್ತಿನ ಮೇಲೆ
ಕಾಡಿಗೆಯಷ್ಟು ಕಪ್ಪು, ಗೇಣಗಲ.
ಕ್ರಿಸಾಂತೊ ಬೂಟು ಕೊಡವಿದ.
ಒಳಗೆಲ್ಲೋ ಮಣಿಗಳು ಇನ್ನೂ ಚುಚ್ಚುತ್ತಿದ್ದವು.